ಸೊಸೆಯ ಮೊಳ

"ನೀವು ಬ್ಯಾಡ ಬಿಡ್ರಿ ಪಕ್ಕೀರಮ್ಮ. ನಿಮ್ಮ ಸೊಸಿ ಅಳೀಲಿ."

ಮೇಷ್ಟ್ರ ಹೆಂಡತಿ ನಾಗಲಿಂಗಮ್ಮ ಹೀಗೆ ಅಂದದ್ದು ಹಡಗಲಿ ಬಸ್ ಸ್ಟ್ಯಾಂಡಿನ ಬೇವಿನ ಮರದ ಕೆಳಗೆ, ಸುತ್ತಲಿನವರೆಲ್ಲ ಕೇಳುವ ಹಾಗೆ. ಪಕ್ಕೀರಮ್ಮ ಅಷ್ಟರಲ್ಲಾಗಲೇ ಮಲ್ಲಿಗೆ ಸರದ ತುದಿಯನ್ನು ಮೊಣಕೈಗೆ ಹಚ್ಚಿಕೊಂಡಿದ್ದಳು. ಕೈ ಹಾಗೇ ನಿಂತಿತು.

"ಯಾಕ್ರವ್ವ? ಮದುವ್ಯಾಗಿ ಈ ಊರಿಗೆ ಬಂದಾಗಿಂದ ಇದ ಕೈಲೆ ಅಳದ ಹೂವ ಮುಡದೀರಿ. ಇವತ್ತು ನನ್ನ ಕೈಗೆ ಏನಾತು?"

"ನಿಮ್ಮ ಕೈಗೆ ಏನೂ ಆಗಿಲ್ರಿ. ನಿಮ್ಮ ಸೊಸಿ ಕೈ ಉದ್ದ ಐತಿ, ಅಷ್ಟ. ತಂಗಿ ಮಗಳ ಉಡಿ ತುಂಬಾಕ ಹರಪನಹಳ್ಳಿಗೆ ಹೊಂಟೀನಿ, ನಾಕು ಮೊಳ ಬೇಕು."

ಸೊಸೆ ಮಾಳಮ್ಮ ಬಂದ ನಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಳೆಯತೊಡಗಿದಳು. ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಒಂದು ಮೊಳ. ಹೂವಿನ ಬುಟ್ಟಿ ಇಟ್ಟವರೆಲ್ಲರ ಲೆಕ್ಕ ಇದೇ. ಆದರೆ ಪಕ್ಕೀರಮ್ಮ ಗಿಡ್ಡ ಆಳು, ಕೈಯೂ ಗಿಡ್ಡ. ಅತ್ತೆಯ ಮೊಳ ಮುಗಿದ ಮೇಲೂ ಸೊಸೆಯ ಮೊಳ ನಾಲ್ಕು ಬೆರಳು ಮುಂದಕ್ಕೆ ಹೋಗುತ್ತಿತ್ತು. ನಾಗಲಿಂಗಮ್ಮ ಖುಷಿಯಿಂದ ದುಡ್ಡು ಕೊಟ್ಟು, ಹೂವಿನ ಪೊಟ್ಟಣವನ್ನು ಮರದ ಕಟ್ಟೆಯ ಮೇಲಿಟ್ಟು, ಚೀಲ ಸರಿಮಾಡಿಕೊಳ್ಳುತ್ತ ನಿಂತಳು.

"ಮಾಗಳಕ್ಕೆ ಹುಡುಗಿ ನೋಡಾಕ ಹೋದಾಗ ಮುಖ ನೋಡಿದ್ವಿ, ಜಡಿ ನೋಡಿದ್ವಿ, ನಡಿಗಿ ನೋಡಿದ್ವಿ," ಅಂದಳು ಪಕ್ಕೀರಮ್ಮ, ಯಾರಿಗೆಂದಿಲ್ಲದೆ. "ಕೈ ಅಳದು ನೋಡೋದು ಯಾರಿಗೂ ಹೊಳೀಲಿಲ್ಲ."

ಮಾತು ತಮಾಷೆಯದೇ, ಆದರೆ ಒಳಗೊಂದು ಮುಳ್ಳಿತ್ತು. ತೋಟದವರು ಮೊಗ್ಗನ್ನು ತಕ್ಕಡಿಯಲ್ಲಿ ತೂಗಿ ಕೊಡುತ್ತಾರೆ. ಇವರು ಕೈಯಲ್ಲಿ ಅಳೆದು ಮಾರುತ್ತಾರೆ. ಸೊಸೆಯ ಬುಟ್ಟಿ ಎಲ್ಲರಿಗಿಂತ ಮೊದಲು ಖಾಲಿಯಾಗುತ್ತಿತ್ತು ನಿಜ, ಆದರೆ ಬಂದ ಲಾಭವೆಲ್ಲ ಆ ನಾಲ್ಕು ಬೆರಳಿನಲ್ಲಿ ಸೋರಿಹೋಗುತ್ತಿತ್ತು. ಬೆರಳು ಮಡಚಿ ಅಳೆದು ನೋಡಿದಳು ಮಾಳಮ್ಮ. "ಬೆರಳಿಗೆ ಏನಾಗೈತಬೇ, ಚೇಳು ಕಡದೈತೇನು?" ಎಂದು ಗಿರಾಕಿಗಳೇ ಬಿಡಿಸಿದರು.

ಮನೆಯಲ್ಲಿ ಅವಳ ಗಂಡ ದುರುಗಪ್ಪನ ಪಾಡೂ ಅಷ್ಟೇ. ಅವನಪ್ಪ ಇದೇ ಊರಿನ ಶೇಂಗಾ ಮಂಡಿಯಲ್ಲಿ ಮೂಟೆ ಹೊತ್ತು, ಹೆಂಡತಿಯ ಹೂವಿನ ದುಡ್ಡೂ ಸೇರಿಸಿ, ಎರಡಂಕಣದ ಮಾಳಿಗೆ ಮನೆ ಹಾಕಿಸಿದ್ದ. ಈಗ ಒಂದು ಲಾರಿ ಬಂದು ನಿಂತರೆ ಹತ್ತು ಹೆಗಲು ಓಡಿ ಬರುತ್ತವೆ. ವಾರದಲ್ಲಿ ಎರಡು ದಿನ ಕೆಲಸ ಸಿಕ್ಕರೆ ಪುಣ್ಯ. ಅದಕ್ಕೇ ಗಂಗಾವತಿ ಕಡೆ ಭತ್ತದ ನಾಟಿಗೆ ಜನ ಕರೆದೊಯ್ಯುವ ದೊಡ್ಡಬೀರಪ್ಪ ಬೆಳಿಗ್ಗೆ ಮನೆಗೆ ಬಂದು, "ಗಂಡ ಹೆಂಡ್ತಿ ಇಬ್ರೂ ಬರ್ರಿ. ನಾಳಿ ಲಾರಿ ಹೊರಡತೈತಿ, ಇವತ್ತು ಸಂಜಿ ಒಳಗ ಹೇಳ್ರಿ" ಎಂದು ಹೋಗಿದ್ದ. ಮಾಳಮ್ಮನಿಗೆ ಹೋಗುವ ಮನಸ್ಸಿರಲಿಲ್ಲ. ಕೆಸರಿಗೆ ಹೆದರಿ ಅಲ್ಲ. ಈ ಬೇವಿನ ಮರ, ಈ ಗದ್ದಲ, ಬಸ್ಸಿನಿಂದ ಇಳಿಯುವ ನೂರೆಂಟು ಮುಖ, ಕಟ್ಟುವಾಗ ಬೆರಳಿಗೆ ಹತ್ತುವ ಆ ತಂಪು ವಾಸನೆ, ಇವನ್ನೆಲ್ಲ ಬಿಟ್ಟು ಹೋಗಲು ಅವಳಿಗೆ ಆಗುತ್ತಿರಲಿಲ್ಲ.

"ನಾನೂ ಇದ ಬುಟ್ಟ್ಯಾಗ ಮೂರು ಮಕ್ಕಳ್ನ ಸಾಕೀನಿ," ಅಂದಳು ಪಕ್ಕೀರಮ್ಮ, ದಾರಕ್ಕೆ ನೀರು ಚಿಮುಕಿಸುತ್ತ. "ನಿಮಗ ಇಬ್ಬರಿಗೆ ಇಬ್ಬರ ಹೊಟ್ಟಿ ತುಂಬಸ್ಕಣಾಕ ಆಗವಲ್ದು."

"ಆಗ ಈ ಮರದ ಬುಡಕ ನೀವೊಬ್ಬರ ಕುಂದರ್ತಿದ್ರಂತ ಅತ್ತಿ. ಈಗ ನೋಡ್ರಿ." ಮಾಳಮ್ಮ ಗದ್ದ ಎತ್ತಿ ತೋರಿಸಿದಳು. ಬಸ್ ಸ್ಟ್ಯಾಂಡಿನ ಗೋಡೆಯುದ್ದಕ್ಕೂ ಬುಟ್ಟಿಯ ಪಕ್ಕ ಬುಟ್ಟಿ. "ಹೂವಿನ ಊರು ಅಂತ ಹೆಸರು. ಮುಡಿಯೋರಕಿಂತ ಮಾರೋರ ಹೆಚ್ಚಾಗೇವಿ."

ಪಕ್ಕೀರಮ್ಮನಿಗೆ ನಗು ಬಂತು. ತೋರಿಸಿಕೊಳ್ಳಲಿಲ್ಲ.

ಅಷ್ಟರಲ್ಲಿ ಹರಪನಹಳ್ಳಿ ಬಸ್ಸು ಗುಡುಗಿತು. ಕಟ್ಟೆಯ ಪಕ್ಕ ನಿಂತಿದ್ದ ನಾಗಲಿಂಗಮ್ಮ ಚೀಲ ಎತ್ತಿಕೊಂಡು ಜನದ ನಡುವೆ ನುಗ್ಗಿ ಹತ್ತಿಯೇಬಿಟ್ಟಳು. ಬಸ್ಸು ಹಿಂದಕ್ಕೆ ಬಂದು, ಮೂತಿ ತಿರುಗಿಸಿ, ಹೊಗೆ ಬಿಟ್ಟಾಗ ಮಾಳಮ್ಮ ಕಟ್ಟೆಯ ಮೇಲೆ ನೋಡಿದಳು. ನಾಲ್ಕು ಮೊಳ ಹೂವು ಪೊಟ್ಟಣದಲ್ಲಿ ಅಲ್ಲೇ ಕುಳಿತಿತ್ತು.

"ಅಕ್ಕಾರ, ಹೂವ್ರಿ!" ಎನ್ನುತ್ತ ಓಡಿದಳು. ಬಸ್ಸಿನ ಕಿಟಕಿ ಎತ್ತರ. ಕೆಳಗೆ ನಿಂತು ಮಾರುವವರು ತುದಿಗಾಲಲ್ಲಿ ಕುಣಿದರೂ ಬುಟ್ಟಿಯ ಅಂಚು ಕಿಟಕಿಯ ಕೆಳಗೇ ಉಳಿಯುತ್ತದೆ. ಒಳಗೆ ಹತ್ತಿ ಮಾರೋಣವೆಂದರೆ ಕಂಡಕ್ಟರು ಬೈಯುತ್ತಾನೆ. ಇಳಿದು ಬಂದು ಕೊಳ್ಳೋಣವೆಂದರೆ ಸೀಟು ಹೋಗುತ್ತದೆ. ಮಾಳಮ್ಮ ಇದೊಂದನ್ನೂ ಯೋಚಿಸಲಿಲ್ಲ. ಸೆರಗು ಸಿಕ್ಕಿಸಿ, ಕೈ ಚಾಚಿದಳು. ಮಾಗಳದ ಹೊಳೆದಂಡೆಯಲ್ಲಿ ಬೆಳೆದ ಆ ಉದ್ದನೆಯ ಕೈ ಕಿಟಕಿಯ ಸರಳು ದಾಟಿ, ಒಳಗೆ ಹೋಗಿ, ನಾಗಲಿಂಗಮ್ಮನ ಮಡಿಲಲ್ಲೇ ಪೊಟ್ಟಣ ಇಟ್ಟು ಹೊರಗೆ ಬಂತು.

"ಏನು ಕೈ ಐತವ್ವ ನಿಂದು!" ಒಳಗಿನಿಂದ ಯಾರೋ ಅಂದರು. ಹಿಂದಿನ ಕಿಟಕಿಯಿಂದ ಇನ್ನೊಂದು ದನಿ: "ಏ ತಂಗಿ, ನಮಗೂ ಒಂದು ಮೊಳ ಕೊಡು." ಅದರ ಹಿಂದಿನದರಿಂದ, "ನನಗೆ ಎರಡು."

ಡ್ರೈವರು ಯರ್ರಿಸ್ವಾಮಿ ಬ್ರೇಕು ಒತ್ತಿ ತಲೆ ಹೊರಹಾಕಿದ. "ಲಗು ಮುಗಸವ್ವ. ನನಗೂ ಒಂದು ತುಂಡು ಕೊಡು, ದೇವರ ಫೋಟಕ್ಕ."

ಮಾಳಮ್ಮ ಹಿಂದಿರುಗಿ ನೋಡಿದಳು. ಅಳೆಯಲು ಹೊತ್ತೆಲ್ಲಿದೆ? ಆದರೆ ಪಕ್ಕೀರಮ್ಮ ಎದ್ದು ನಿಂತಾಗಿತ್ತು. ಸರ ಮೊಣಕೈಗೆ ಹಚ್ಚುವಳು, ಎಳೆಯುವಳು, ಕತ್ತರಿಸುವಳು, ಎಲೆಯಲ್ಲಿ ಸುತ್ತಿ ಸೊಸೆಯ ಕೈಗಿಡುವಳು. ಸೊಸೆ ಓಡಿ ಕಿಟಕಿಗೆ ಮುಟ್ಟಿಸುವಳು. ನಾಲ್ಕಾಣೆ, ಎಂಟಾಣೆ ಮೇಲಿನಿಂದ ಉದುರಿದವು. ಬಸ್ಸು ಹೋದಮೇಲೆ ಹೊಸಪೇಟೆ ಬಸ್ಸು, ಅದರ ಹಿಂದೆ ದಾವಣಗೆರೆಯದು. ಗೋಡೆಯ ಪಕ್ಕದ ಬುಟ್ಟಿಯವರು ಮಾರುವುದು ಬಿಟ್ಟು ಇವರನ್ನೇ ನೋಡುತ್ತ ಕುಳಿತರು.

ನೆರಳು ಉದ್ದವಾಗುವ ಹೊತ್ತಿಗೆ ಅತ್ತೆ ಸೊಸೆ ಇಬ್ಬರೂ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು, ಒಂದೇ ಗ್ಲಾಸಿನ ಚಹಾವನ್ನು ಹಂಚಿಕೊಂಡು ಕುಡಿದರು.

"ನಾಳಿಂದ ನೀವು ಮೊದಲೇ ತುಂಡು ಮಾಡಿ ಎಲಿಯಾಗ ಸುತ್ತಿಡ್ರಿ ಅತ್ತಿ," ಅಂದಳು ಮಾಳಮ್ಮ. "ನಾ ಕಿಟಕಿ ನೋಡ್ಕೊಂತೀನಿ."

"ಯಾರ ಮೊಳ ಹಾಕ್ಲಿ?"

"ನಿಮ್ದ ಹಾಕ್ರಿ. ನನ್ನ ಮೊಳ ಹಾಕಿದ್ರ ಗಂಗಾವತಿ ಕೆಸರ ಗತಿ."

ಪಕ್ಕೀರಮ್ಮ ಈ ಸಲ ನಗು ತಡೆಯಲಿಲ್ಲ. ಕುಡಿದ ಚಹಾ ನೆತ್ತಿಗೇರಿ ಕೆಮ್ಮು ಬಂತು. ಸೊಸೆ ಅವಳ ಬೆನ್ನು ತಟ್ಟುತ್ತಿರುವಾಗಲೇ ದೊಡ್ಡಬೀರಪ್ಪ ಸೈಕಲ್ಲು ನಿಲ್ಲಿಸಿದ.

"ಏನ್ರಿ ಪಕ್ಕೀರಮ್ಮ, ಮಗ ಸೊಸಿ ಬರ್ತಾರೇನು? ಲಾರ್‍ಯಾಗ ಜಾಗ ಇಡಬೇಕು."

"ಮಗನ ಮಾತು ಮಗನ್ನ ಕೇಳಪ್ಪ. ನನ್ನ ಸೊಸಿ ಬರಂಗಿಲ್ಲ," ಅಂದಳು ಪಕ್ಕೀರಮ್ಮ ಕಣ್ಣೊರೆಸಿಕೊಂಡು. "ಈಕಿಗೆ ಇಲ್ಲೇ ಕೆಲಸ ಐತಿ."

"ಆಕಿ ಬರದಿದ್ರ ಅವನೂ ಬರಂಗಿಲ್ಲ ಬಿಡ್ರಿ" ಎಂದು ದೊಡ್ಡಬೀರಪ್ಪ ನಗುತ್ತ ಹೊರಟ. ಅವನ ಹಿಂದೆಯೇ ಕೊಟ್ಟೂರು ಬಸ್ಸು ಬಂದು ನಿಂತಿತು. ಮಾಳಮ್ಮ ಸೆರಗು ಸಿಕ್ಕಿಸಿ ಎದ್ದಳು. ಬುಟ್ಟಿಯಲ್ಲಿ ಉಳಿದದ್ದು ಕೊನೆಯ ಸರ.

ಪಕ್ಕೀರಮ್ಮ ಅದರ ತುದಿಯನ್ನು ಮೊಣಕೈಗೆ ಹಚ್ಚಿ ನಡುಬೆರಳಿನವರೆಗೆ ಎಳೆದಳು. ಕತ್ತರಿಸಲು ಹೋದವಳು ಒಂದು ಗಳಿಗೆ ತಡೆದಳು. ಆಮೇಲೆ ಬೆರಳಿನ ತುದಿ ದಾಟಿಸಿ, ಸರವನ್ನು ಇನ್ನೂ ನಾಲ್ಕು ಬೆರಳು ಮುಂದಕ್ಕೆ ಬಿಟ್ಟು, ಅಲ್ಲಿ ಗಂಟು ಹಾಕಿದಳು.