ಎಲೆಗೆ ಅಡ್ಡ ಹಿಡಿದ ಕೈ

ಮದುವೆ ಊಟಕ್ಕೆ ಬಡಿಸುವವರ ತಂಡ ನನ್ನದು. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕಿನ ಯಾವ ಕಲ್ಯಾಣ ಮಂಟಪದಲ್ಲಿ ಬೇಕಾದರೂ ಹೇಮಕ್ಕ ಎಂದು ಕೇಳಿ, ಗೊತ್ತು ಎನ್ನುತ್ತಾರೆ. ಬಾಯಿ ಸ್ವಲ್ಪ ಜೋರು ಎಂದೂ ಸೇರಿಸುತ್ತಾರೆ. ಸೇರಿಸಲಿ. ಅಷ್ಟು ದೊಡ್ಡ ಪಂಕ್ತಿಯನ್ನು ಬಾಯಿ ಮುಚ್ಚಿಕೊಂಡು ನಡೆಸಿದವರನ್ನು ನಾನಂತೂ ನೋಡಿಲ್ಲ.

ನನ್ನ ತಮ್ಮ ಉಮೇಶ ಜೈಲಿನಿಂದ ಬಿಡುಗಡೆಯಾಗಿ ಬಂದ ಮೇಲೆ ಅವನನ್ನೂ ತಂಡಕ್ಕೆ ಸೇರಿಸಿಕೊಂಡೆ. ಅವನು ಜೈಲಿಗೆ ಹೋದ ಕಥೆ ಇಷ್ಟೇ. ಹೊಸನಗರದ ಒಂದು ಹೋಟೆಲಿನಲ್ಲಿ ಜಟ್ಟಪ್ಪ ಎನ್ನುವವರು ಮೊಬೈಲ್ ನೋಡಿಕೊಂಡು ನಕ್ಕಿದ್ದರು. ತನ್ನನ್ನೇ ನೋಡಿ ನಕ್ಕರು ಎಂದುಕೊಂಡ ಇವನು ಒಲೆಯ ಪಕ್ಕದ ಸೌದೆ ಎತ್ತಿ ಬೀಸಿದ. ಅವರ ಎಡಗೈ ಮುರಿಯಿತು, ಇವನಿಗೆ ಶಿಕ್ಷೆಯಾಯಿತು. ಚಿಕ್ಕಂದಿನಿಂದಲೂ ಇವನು ಹೀಗೇ. ಯಾರು ಪಿಸುಗುಟ್ಟಿದರೂ ತನ್ನ ವಿಷಯ, ಯಾರು ನಕ್ಕರೂ ತನ್ನನ್ನು ನೋಡಿ. ಊರಿನವರಿಗೆ ಬೇರೆ ಕೆಲಸವೇ ಇಲ್ಲ ಎನ್ನುವ ಹಾಗೆ.

ಮೊದಲು ಅವನನ್ನು ಒಳಗೆ ತರಕಾರಿ ಹೆಚ್ಚಲು ಕೂರಿಸಿದ್ದೆ. ಜನರ ಎದುರು ಬರುವುದು ಬೇಡ ಎಂಬುದು ನನ್ನ ಲೆಕ್ಕ. ಒಂದು ದಿನ ಈಳಿಗೆ ಮಣೆ ಬಿಟ್ಟು ಎದ್ದು ಬಂದ.

"ಅಕ್ಕ, ನಂಗೆ ಪಂಕ್ತಿಲಿ ಬಡ್ಸೋ ಕೆಲ್ಸ ಕೊಡು. ಜನರ ಮುಖ ನೋಡ್ದೆ ಇಲ್ಲೇ ಒಳ್ಗೆ ಕೂತಿದ್ರೆ ಅಲ್ಲಿಂದ ಬಿಟ್ಟು ಬಂದಿದ್ದಾದ್ರೂ ಎಂತಕ್ಕೆ?"

"ಬಡ್ಸುವಾಗ ಯಾರಾದ್ರೂ ನಕ್ರೆ ಎಂತ ಮಾಡ್ತೀಯ?"

ಜೈಲಿಗೆ ವಾರಕ್ಕೊಮ್ಮೆ ಒಬ್ಬರು ಮೇಡಂ ಬಂದು ಪಾಠ ಮಾಡುತ್ತಿದ್ದರಂತೆ. ಸಿಟ್ಟು ಬಂದ ಕೂಡಲೇ ನಿಲ್ಲಬೇಕು. ಕಣ್ಣಿಗೆ ಕಂಡದ್ದು ಯಾವುದು, ತಲೆ ತಾನಾಗಿ ಕಟ್ಟಿಕೊಂಡದ್ದು ಯಾವುದು ಎಂದು ಬೇರೆ ಮಾಡಬೇಕು. ತಿಳಿಯದಿದ್ದರೆ ಬಾಯಿಬಿಟ್ಟು ಕೇಳಬೇಕು. ಇದನ್ನೆಲ್ಲ ಅವನು ಗಂಭೀರವಾಗಿ ವಿವರಿಸಿದ.

"ಪಂಕ್ತಿ ನಡುವೆ ನೀ ಹಿಂಗೆ ಯೋಚ್ನೆ ಮಾಡ್ತಾ ನಿಂತ್ರೆ ಸಾರು ಆರಿಹೋಗುತ್ತೆ ಮಾರಾಯ" ಎಂದೆ.

"ಆರ್ಲಿ. ಬಿಸಿ ಮಾಡಿದ್ರಾತು."

"ಸರಿ. ಆದ್ರೆ ಒಂದೇ ಒಂದ್ಸಲ ಗಲಾಟೆ ಆತು ಅಂದ್ರೆ ಮತ್ತೆ ಪಂಕ್ತಿ ಕಡೆ ತಲೆ ಹಾಕ್ಬೇಡ. ನನ್ನ ನಂಬ್ಕೊಂಡು ಹತ್ತಾರು ಹೆಂಗಸ್ರಿದ್ದಾರೆ." ಅವನು ಒಪ್ಪಿದ.

ಸಾಗರದ ಒಂದು ಉಪನಯನದಲ್ಲಿ ಹೋಳಿಗೆ ಹಿಡಿದು ಹೊರಟಿದ್ದ. ಒಬ್ಬರು ಅಜ್ಜಿ ಇವನನ್ನು ಕಂಡದ್ದೇ ಎರಡೂ ಕೈ ಎಲೆಗೆ ಅಡ್ಡ ಹಿಡಿದರು. ಇವನ ಮುಖ ಬಿಗಿಯಿತು, ತುಟಿ ಅಲ್ಲಾಡಿತು. ಪಾಠ ಶುರುವಾಯಿತು ಎಂದುಕೊಂಡೆ. ಆಮೇಲೆ ಬಗ್ಗಿ, "ಎಂತಕ್ಕೆ ಬ್ಯಾಡ ಅಜ್ಜಿ?" ಎಂದ. "ಸಕ್ಕರೆ ಕಾಯಿಲೆ ಕಣೋ ತಮ್ಮ. ಅದ್ರ ಬದ್ಲು ಚೂರು ಕೋಸಂಬರಿ ತಂದು ಹಾಕು" ಎಂದರು ಅವರು. ಇವನು ಒಳಗೆ ಓಡಿ ಬಂದು "ಅಕ್ಕ, ಸಕ್ಕರೆ ಕಾಯಿಲೆಯಂತೆ" ಎಂದು ಹೇಳಿದ ಸಂಭ್ರಮ ನೋಡಬೇಕಿತ್ತು. ಪಾಪ, ಆ ಅಜ್ಜಿ ಕೇಳಿಸಿಕೊಂಡಿದ್ದರೆ ಏನೆಂದುಕೊಳ್ಳುತ್ತಿದ್ದರೋ.

ಈ ಬೇಸಿಗೆಯಲ್ಲಿ ತೀರ್ಥಹಳ್ಳಿಯಲ್ಲಿ ಒಂದು ಮದುವೆ. ಎರಡನೇ ಪಂಕ್ತಿಗೆ ಪಾಯಸ ಹೊರಟಿತ್ತು. ಬಕೆಟ್ ಹಿಡಿದು ಉಮೇಶ ಮುಂದೆ, ಹಪ್ಪಳದ ಬುಟ್ಟಿ ಹಿಡಿದು ನಾನು ಹಿಂದೆ. ಅವನು ಗಕ್ಕನೆ ನಿಂತ. ನೋಡಿದರೆ ಆ ಎಲೆಯ ಮುಂದೆ ಕೂತವರು, ನಾನು ಕೋರ್ಟಿನಲ್ಲಿ ಕಂಡಿದ್ದ ಜಟ್ಟಪ್ಪ. ಅವರೂ ಇವನನ್ನು ನೋಡಿದರು. ಬಲಗೈಯನ್ನು ಎಲೆಗೆ ಅಡ್ಡ ಹಿಡಿದರು.

ಉಮೇಶನ ಕಿವಿ ಕೆಂಪಾಗಿತ್ತು. ಅವನ ಕೈಯಲ್ಲಿದ್ದದ್ದು ಹಿತ್ತಾಳೆ ಸೌಟು, ಬೀಸಿದರೆ ಸೌದೆಗಿಂತ ಏನೂ ಕಡಿಮೆಯಿಲ್ಲ. ಮುಂದೆ ಹೋಗು ಎಂದು ಬೆನ್ನಿಗೆ ತಿವಿದೆ. ಹೋಗಲಿಲ್ಲ.

"ಜಟ್ಟಣ್ಣ, ಪಾಯ್ಸ ಬ್ಯಾಡ್ವಾ, ನಾನು ಬಡ್ಸೋದು ಬ್ಯಾಡ್ವಾ?" ಎಂದು ಕೇಳಿದ.

ಅಕ್ಕಪಕ್ಕದವರು ಉಣ್ಣುವುದನ್ನು ನಿಲ್ಲಿಸಿದರು. ಜಟ್ಟಪ್ಪ ತಲೆ ಎತ್ತಿ, "ನೀನು ಬಡ್ಸೋದು ಬ್ಯಾಡ" ಎಂದರು.

ಇಲ್ಲಿ ಸಕ್ಕರೆ ಕಾಯಿಲೆಯೂ ಇಲ್ಲ, ತಲೆ ಕಟ್ಟಿಕೊಂಡ ಕಥೆಯೂ ಅಲ್ಲ. ಎಲ್ಲರ ಎದುರು ಮುಖಕ್ಕೆ ಹೇಳಿದ ಮಾತು. ಇಂಥದ್ದಕ್ಕೆ ಆ ಮೇಡಂ ಏನು ಹೇಳಿಕೊಟ್ಟಿದ್ದಾರೋ ನನಗೆ ತಿಳಿಯದು. ಇನ್ನು ಮುಗಿಯಿತು, ತಮ್ಮ ಮತ್ತೆ ಕೈತಪ್ಪಿ ಹೋದ ಎಂದೇ ಅಂದುಕೊಂಡೆ.

"ಆತು" ಎಂದ ಉಮೇಶ. ಬಕೆಟ್ಟನ್ನು ನನ್ನ ಕಡೆ ಚಾಚಿದ. "ಅಕ್ಕ, ನೀ ಬಡ್ಸು."

ಈಗ ಸಿಟ್ಟು ನೆತ್ತಿಗೇರಿದ್ದು ನನಗೆ. ಶಿಕ್ಷೆ ಮುಗಿಸಿಕೊಂಡು ಬಂದಿದ್ದಾನೆ, ಬೆವರು ಸುರಿಸಿ ದುಡಿಯುತ್ತಿದ್ದಾನೆ. ತುಂಬಿದ ಪಂಕ್ತಿಯಲ್ಲಿ ಅವನ ಮರ್ಯಾದೆ ತೆಗೆಯಲು ಇವರು ಯಾರು? "ಅವ್ನ ಕೈಗೆ ಎಂತ ವಿಷ ಮೆತ್ತಿದ್ಯಾ?" ಎಂದು ಶುರು ಮಾಡಿಯೇಬಿಟ್ಟೆ.

"ಅಕ್ಕ" ಎಂದ ಉಮೇಶ. ದನಿ ಏರಿಸಲಿಲ್ಲ. "ಅವ್ರ ಎಲೆ ಅದು. ಯಾರ ಕೈಯಿಂದ ಹಾಕಿಸ್ಕೋಬೇಕು ಅನ್ನೋದು ಅವ್ರಿಷ್ಟ." ನನ್ನ ಕೈಯಿಂದ ಹಪ್ಪಳದ ಬುಟ್ಟಿ ತೆಗೆದುಕೊಂಡು ಮುಂದಿನ ಎಲೆಗೆ ಹೋದ.

ಜಟ್ಟಪ್ಪ ಅಡ್ಡ ಹಿಡಿದ ಕೈ ತೆಗೆದರು. ಫ್ಯಾನಿನ ಗಾಳಿಗೆ ಎಲೆಯ ತುದಿ ಹಾರುತ್ತಿತ್ತು. ಉಳಿದವರೆಲ್ಲ ಎಡಗೈಯಲ್ಲಿ ಎಲೆ ಒತ್ತಿ ಹಿಡಿದಿದ್ದರೆ ಇವರ ಎಡಗೈ ತೊಡೆಯ ಮೇಲೆ ಬಿದ್ದುಕೊಂಡಿತ್ತು. ಎರಡು ಸೌಟು ಪಾಯಸ ಹಾಕಿದೆ. ಅವರು ಉಂಡರು.

ಅಡುಗೆಮನೆಗೆ ಬಂದರೆ ಮದುಮಗಳ ಸೋದರಮಾವ ಹಿಂದೆಯೇ ಬಂದರು. "ಹೇಮಕ್ಕ, ಆ ಹುಡುಗನ್ನ ಒಳ್ಗೇ ಇಟ್ಕಳಿ. ಮದ್ವೆ ಮನೇಲಿ ರಗಳೆ ಬ್ಯಾಡ."

"ರಗಳೆ ಆತಾ?"

"ಆಗ್ಲಿಲ್ಲ."

"ಮತ್ತೆಂತ ನಿಮ್ದು?" ಎಂದೆ. ಅವರು ಮೊಸರು ಸಾಲುತ್ತದೆಯೇ ಎಂದು ಏನೋ ಕೇಳಿ ಹೋದರು.

ಉಮೇಶ ನಲ್ಲಿಯ ಹತ್ತಿರ ಸೌಟು ತೊಳೆಯುತ್ತಿದ್ದ. ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದ. "ಊಟ ಮುಗ್ಸಿ ಕೈ ತೊಳ್ಯೋಕೆ ಎದ್ದು ಬರ್ತಾರೆ. ಹೋಗಿ ಕಾಲಿಗೆ ಬಿದ್ದು ತಪ್ಪಾತು ಅಂದ್ಬಿಡು. ಎಲ್ಲ ಮುಗ್ದು ಹೋಗುತ್ತೆ" ಎಂದೆ.

"ಯಾರಿಗೆ ಮುಗ್ಯುತ್ತೆ? ನಂಗೆ ಮುಗ್ಯುತ್ತೆ." ಅವನು ನಲ್ಲಿ ನಿಲ್ಲಿಸಿದ. "ಅವ್ರು ಬಂದಿದ್ದು ಮದ್ವೆ ಊಟಕ್ಕೆ ಅಕ್ಕ, ನನ್ನ ಕ್ಷಮಿಸೋಕಲ್ಲ. ನೆಮ್ಮದಿಯಾಗಿ ಉಂಡು ಹೋಗ್ಲಿ."

ನಾನು ಅವನ ಕೈಯಿಂದ ಸೌಟು ತೆಗೆದುಕೊಂಡು ಒರೆಸಿ ಬಕೆಟ್ಟಿಗೆ ಹಾಕಿದೆ.

ಹೊರಗೆ ಮೂರನೇ ಪಂಕ್ತಿಗೆ ಎಲೆ ಹಾಕಿ ಆಗಿತ್ತು. ಈ ಸಲ ಪಾಯಸಕ್ಕೆ ಯಾರು ಹೋಗುವುದು ಎಂದು ತಂಡದವರು ಕೂಗಿ ಕೇಳಿದರು. ಉಮೇಶ ನನ್ನ ಮುಖ ನೋಡಿದ, ಎಲ್ಲರೂ ನೋಡಿದರು.

"ನನ್ನ ಮುಖದಲ್ಲಿ ಎಂತ ಬರ್ದಿದೆ?" ಎಂದೆ. "ಬಕೆಟ್ ತುಂಬ್ಸಿಕೊಂಡು ಹೊರಡು. ಜನ ಕಾಯ್ತಾ ಕೂತಿದ್ದಾರೆ."