ಬಸಿಲಿಯಾಳ ಬಟ್ಟೆ ತೊಳೆದ ಮಧ್ಯಾಹ್ನ

ನಿಲ್ದಾಳ ಹತ್ತಿರ ಸಾವಿನ ಮನೆಯಲ್ಲಿ ಉಡುವ ಕಪ್ಪು ಲಂಗ ಇರಲಿಲ್ಲ. ಹತ್ತೊಂಬತ್ತರ ಹುಡುಗಿಗೆ ಅದೆಲ್ಲ ಯಾಕೆ ಎಂದು ಅಮ್ಮ ಹೊಲಿಸಿರಲಿಲ್ಲ. ಈಗ ಅಮ್ಮ ಬಸಿಲಿಯಾ ಮುಂದಿನ ಕೋಣೆಯಲ್ಲಿ ಪೆಟ್ಟಿಗೆಯೊಳಗೆ ಮಲಗಿದ್ದಳು. ಹಿಂದಿನ ಕೋಣೆಯಲ್ಲಿ ಅಮ್ಮನ ಗೆಳತಿ ಸೆವೆರಿನಾ ತನ್ನ ಕುಸ್ತಿಯ ಕಪ್ಪು ಲಂಗವನ್ನು ಹುಡುಗಿಯ ಸೊಂಟಕ್ಕೆ ಸುತ್ತಿ ಪಿನ್ನು ಚುಚ್ಚುತ್ತಿದ್ದಳು.

"ಉಸಿರು ಒಳಗೆಳ್ಕೊ. ಇನ್ನೂ."

"ಸಾಕು ಚಿಕ್ಕಮ್ಮ, ಜಾರಲ್ಲ."

"ಜಾರುತ್ತೆ. ನನ್ನ ಸೊಂಟ ನಿನ್ನ ಎರಡರಷ್ಟಿದೆ. ನಿಮ್ಮಮ್ಮನ್ನ ವಾರವಾರ ಎತ್ತಿ ಒಗೀಬೇಕಿತ್ತಲ್ಲ, ಸುಮ್ನೆ ತಿಂದಿದೀನಾ?" ಸೆವೆರಿನಾ ಹಲ್ಲಿನ ನಡುವೆ ಹಿಡಿದಿದ್ದ ಕೊನೆಯ ಪಿನ್ನನ್ನೂ ಚುಚ್ಚಿದಳು. "ಏನಾದ್ರೂ ತಿಂದ್ಯಾ?"

"ತಿಂದೆ."

ಹದಿನಾಲ್ಕು ವರ್ಷ ಪ್ರತಿ ಭಾನುವಾರ ಬೆಟ್ಟದ ಮೇಲಿನ ಎಲ್ ಆಲ್ತೋ ಊರಿನ ಸಭಾಂಗಣದಲ್ಲಿ ಈ ಇಬ್ಬರು ಕಾದಾಡಿದ್ದರು. ನೆರಿಗೆ ಲಂಗ, ಗುಂಡು ಟೋಪಿ, ಬೆನ್ನ ಮೇಲೆ ಎರಡೆರಡು ಜಡೆ. ಅಖಾಡದಲ್ಲಿ ಬಸಿಲಿಯಾಳ ಹೆಸರು 'ಶಿಖರದ ಹೂ', ಸೆವೆರಿನಾಳದು 'ಕರಿನಾಲಗೆ'. ಹೂವಿಗೆ ಜನ ಚಪ್ಪಾಳೆ ತಟ್ಟುತ್ತಿದ್ದರು, ಕರಿನಾಲಗೆಗೆ ಕಿತ್ತಳೆ ಸಿಪ್ಪೆ ಎಸೆಯುತ್ತಿದ್ದರು. ಆಟ ಮುಗಿದ ಮೇಲೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಬಿಸಿ ಜೋಳದ ಗಂಜಿ ಕುಡಿದು, ಒಂದೇ ಮಿನಿಬಸ್ಸಿನಲ್ಲಿ ಮನೆಗೆ ಬರುತ್ತಿದ್ದರು.

ಮುಂದಿನ ಕೋಣೆಯಲ್ಲಿ ಹೆಂಗಸರು ಕೋಕಾ ಎಲೆ ಅಗಿಯುತ್ತ ಗೋಡೆಗುಂಟ ಕೂತಿದ್ದರು.

"ನಾಲ್ಕೇ ಬೀದಿ ಆಚೆಯಂತೆ. ಬೆಳಿಗ್ಗೆ ಗಂಜಿ ಮಾರೋಳು ನೋಡಿದ್ದು. ಗೋಡೆಗೊರಗಿ ಕೂತಲ್ಲೇ ಹೆಣವಾಗಿದ್ದಳಂತೆ. ಮೈಮೇಲೆ ಶಾಲೂ ಇಲ್ಲ."

"ಜುಲೈ ಚಳಿಗಾಲದ ಹಿಮದಲ್ಲಿ?"

"ಕುಡಿದೋರಿಗೆ ಹಿಮ ಏನು, ಬಿಸಿಲೇನು."

"ಮೆಲ್ಲಗೆ ಮಾತಾಡೇ, ಮಗಳಿದಾಳೆ."

ನಿಲ್ದಾ ಕೇಳಿಸಿಕೊಂಡಳು. ಬಾಗಿಲಿಗೆ ಹೋದಳು, ತಿರುಗಿ ಬಂದಳು, ಮೇಣದಬತ್ತಿ ಸರಿಮಾಡಿ ಮತ್ತೆ ಬಾಗಿಲಿಗೆ ಹೋದಳು. ಮೂರು ದಿನದಿಂದ ಅವಳಿಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ.

ಅಷ್ಟರಲ್ಲಿ ಕುಸ್ತಿ ಕಂಪನಿಯ ಯಜಮಾನ ದೋನ್ ಎಲಿಯೋ ಬಂದ. ಹಿಂದೆ ಇಬ್ಬರು ಆಳುದ್ದದ ಹೂವಿನ ಚಕ್ರ ಹೊತ್ತಿದ್ದರು. ಅದರ ಪಟ್ಟಿಯ ಮೇಲೆ ಸತ್ತವಳ ಹೆಸರಿಗಿಂತ ಕಂಪನಿಯ ಹೆಸರು ದೊಡ್ಡದಾಗಿತ್ತು. ಎಲಿಯೋ ಎದೆಗೆ ಶಿಲುಬೆಯ ಗುರುತು ಹಾಕಿಕೊಂಡು ಒಂದು ನಿಮಿಷ ನಿಂತ. ಆಮೇಲೆ ನಿಲ್ದಾಳ ಮೊಣಕೈ ಹಿಡಿದು ಅಂಗಳಕ್ಕೆ ಕರೆದುಕೊಂಡು ಹೋದ.

"ಇವತ್ತು ಕೇಳಬಾರದು, ನಂಗೂ ಗೊತ್ತು. ಆದ್ರೆ ಪೋಸ್ಟರ್ ಸಂಜೆ ಪ್ರೆಸ್ಸಿಗೆ ಹೋಗ್ಬೇಕು. ಭಾನುವಾರ ಎರಡು ಬಸ್ ಪ್ರವಾಸಿಗಳು ಬರ್ತಿದಾರೆ. 'ಶಿಖರದ ಹೂವಿನ ಮಗಳು.' ಎದುರಿಗೆ ಸೆವೆರಿನಾ. ಏನಂತೀಯ?"

ಎರಡು ವರ್ಷದಿಂದ ಅಭ್ಯಾಸ ಮಾಡುತ್ತಿದ್ದ ನಿಲ್ದಾ ಇದೇ ಮಾತಿಗೆ ಕಾದಿದ್ದಳು. ಬೇಡವೆಂದರೆ ಸಂತೆಯಲ್ಲಿ ಅಮ್ಮನ ಆಲೂಗಡ್ಡೆ ಮೂಟೆಗಳ ಹಿಂದೆ ಕೂರಬೇಕು, ಮುಪ್ಪಾಗುವವರೆಗೆ.

"ಮಣ್ಣು ಮಾಡಿ, ತೊರೇಲಿ ಅಮ್ಮನ ಬಟ್ಟೆ ತೊಳೆದಾದ್ಮೇಲೆ ಹೇಳ್ತೀನಿ."

"ತೊರೆಗೆ ನನ್ನ ವ್ಯಾನೇ ತರ್ತೀನಿ. ಅಲ್ಲೇ ಹೇಳು."

ಬಸಿಲಿಯಾಳ ಅಣ್ಣ ತೊರಿಬಿಯೋ ಸರೋವರದ ಕಡೆಯ ಹಳ್ಳಿಯಿಂದ ಬಂದವನು. ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ಏನು ದೋನ್ ಎಲಿಯೋ, ಅಮ್ಮ ಖಾಲಿಯಾದ್ಲು ಅಂತ ಮಗಳನ್ನ ಒಯ್ಯೋಕೆ ಬಂದ್ರಾ?"

"ದುಃಖದಲ್ಲಿದೀರಿ, ಏನು ಬೇಕಾದ್ರೂ ಅನ್ನಿ."

ಸೆವೆರಿನಾ ಒಳಗಿಂದ ತಲೆ ಹಾಕಿದಳು. "ನಿಲ್ದಾ, ಏನಾದ್ರೂ ತಿಂದ್ಯಾ?"

"ಈಗ ತಾನೆ ಹೇಳಿದ್ನಲ್ಲ ಚಿಕ್ಕಮ್ಮ."

"ಹೇಳಿದ್ಯಾ? ಸರಿ ಬಿಡು. ಅತ್ತೂ ಅತ್ತೂ ಕಿವಿ ಹೋಗಿದೆ."

*

ಎರಡು ವರ್ಷದ ಹಿಂದಿನ ಭಾನುವಾರ. ಹಿಡಿತ ಹಳೆಯದೇ. ಸೆವೆರಿನಾ ಬಸಿಲಿಯಾಳನ್ನು ಭುಜಕ್ಕೆತ್ತಿ, ತಿರುಗಿಸಿ, ನೆಲಕ್ಕೆ ಒಗೆಯಬೇಕು. ಒಗೆಯುವಾಗ ಮೂರು ಎಣಿಸಬೇಕು. ಒಂದಕ್ಕೆ ಮೇಲಿರುವವಳು ಕುತ್ತಿಗೆ ಬಿಗಿ ಮಾಡುತ್ತಾಳೆ, ಎರಡಕ್ಕೆ ಗದ್ದ ಎದೆಗೊತ್ತುತ್ತಾಳೆ, ಮೂರಕ್ಕೆ ಒಗೆಯುವವಳ ಅಂಗೈ ಅವಳ ತಲೆಯ ಹಿಂದಿರುತ್ತದೆ. ನೋಡುವವರಿಗೆ ಅಂಗೈ ಕಾಣುವುದಿಲ್ಲ. ಎಣಿಸುವವಳು ಒಬ್ಬಳೇ. ಮೇಲಿರುವವಳು ಅವಳನ್ನು ನಂಬಬೇಕು, ಅಷ್ಟೇ.

ಆ ದಿನ ಜಡೆ ಅಖಾಡದ ಸುತ್ತಿನ ಹಗ್ಗಕ್ಕೆ ಸಿಕ್ಕಿ ಬಸಿಲಿಯಾಳ ಮೈ ಅರ್ಧಕ್ಕೇ ಹೊರಳಿತು. ತಲೆ ಹಲಗೆಯ ಅಂಚಿಗೆ ಬಡಿಯಿತು. ಅವಳು ಏಳಲಿಲ್ಲ. ಜನ ನಕ್ಕರು. ಇವತ್ತು ಚೆನ್ನಾಗಿ ನಟಿಸುತ್ತಿದ್ದಾಳೆ ಎಂದುಕೊಂಡ ಸೆವೆರಿನಾ ಅವಳ ಹೊಟ್ಟೆಯ ಮೇಲೆ ಕಾಲಿಟ್ಟು ಎರಡೂ ಕೈ ಮೇಲೆತ್ತಿ ಕೇಕೆ ಹಾಕಿದಳು. ಕಾಲ ಕೆಳಗಿನ ಮೈ ಅದುರಿದಾಗಷ್ಟೇ ಅವಳ ಕೇಕೆ ನಿಂತದ್ದು.

ಬೆದರಿದವರ ಜೀವಾತ್ಮ ಬಿದ್ದ ಜಾಗದಲ್ಲೇ ಉಳಿದುಬಿಡುತ್ತದೆ ಎನ್ನುತ್ತಾರೆ. ತೊರಿಬಿಯೋ ಊರಿಂದ ಮಂತ್ರದ ಮುದುಕನನ್ನು ಕರೆತಂದ. ಸೋಮವಾರ ಖಾಲಿ ಸಭಾಂಗಣದಲ್ಲಿ ಮುದುಕ ಬಸಿಲಿಯಾಳ ಟೋಪಿಯನ್ನು ಹಲಗೆಯ ಮೇಲೆ ಬೀಸಿ ಕರೆದ: "ಬಾ ಬಸಿಲಿಯಾ, ಮನೆಗೆ ಬಾ, ಇಲ್ಲಿ ಕೂರಬೇಡ." ಟೋಪಿಯನ್ನು ಶಾಲಿನಲ್ಲಿ ಸುತ್ತಿ ತಂದು ಅವಳ ತಲೆಗಿಟ್ಟ. ಮೂರು ವಾರ ಕತ್ತಲ ಕೋಣೆಯಲ್ಲಿ ಮಲಗಿರಬೇಕು, ಯಾರೂ ಮೈ ಕುಲುಕಬಾರದು, ಗಟ್ಟಿ ಮಾತೂ ಕೂಡದು ಎಂದ.

ಬಸಿಲಿಯಾ ಮೂರು ವಾರ ಮಲಗಿದಳು. ತಲೆಶೂಲೆ ಹೋಯಿತು. ಆತ್ಮ ಬಂತು ಎಂದರು ಎಲ್ಲರೂ.

ಮುಂದಿನ ಸಲ ಬಿದ್ದಾಗ ಮುದುಕ ಬರುವವರೆಗೆ ಕಾಯಲು ಪುರುಸೊತ್ತಿರಲಿಲ್ಲ. ಮರುವಾರವೇ ಆಟವಿತ್ತು. ಸೆವೆರಿನಾಳೇ ಟೋಪಿ ಬೀಸಿ ಕರೆದಳು. ಅದರ ಮುಂದಿನ ಸಲವೂ ಅವಳೇ. ಕೊನೆಕೊನೆಗೆ ಬೀಳುವುದು, ಟೋಪಿ ಬೀಸುವುದು, ಮತ್ತೆ ಎದ್ದು ಕುಸ್ತಿ ಹಿಡಿಯುವುದು ಎಲ್ಲ ಒಂದೇ ಮಧ್ಯಾಹ್ನದಲ್ಲಿ ಮುಗಿಯುತ್ತಿತ್ತು. ಟೋಪಿ ಉಳಿಯಿತು, ಕರೆಯುವುದು ಉಳಿಯಿತು. ಮಲಗುವುದನ್ನು ಮಾತ್ರ ಎಲ್ಲರೂ ಬಿಟ್ಟುಬಿಟ್ಟರು.

*

ಮಣ್ಣು ಹಾಕಿ ಮುಗಿದಾಗ ಹನ್ನೊಂದು ಗಂಟೆ. ಬಂದವರು ಒಬ್ಬೊಬ್ಬರಾಗಿ ನಿಲ್ದಾಳನ್ನು ತಬ್ಬಿ, ಸಾವಿನ ಮನೆಯ ವಾಡಿಕೆಯಂತೆ "ಒಳ್ಳೆ ಗಳಿಗೆಯಾಗಲಿ" ಎಂದು ಹೇಳಿ ಸರಿದರು. ಅವಳ ಕಣ್ಣು ಅವರ ಭುಜದಾಚೆ ನಿಂತ ವ್ಯಾನಿನ ಮೇಲಿತ್ತು. ಸೊಂಟದ ಪಿನ್ನೊಂದು ಬಿಚ್ಚಿ ಚರ್ಮಕ್ಕೆ ತಾಗುತ್ತಿತ್ತು.

ವ್ಯಾನಿನಲ್ಲಿ ಸೆವೆರಿನಾ ಅವಳ ಪಕ್ಕ ಕೂತಳು. ತೊಡೆಯ ಮೇಲೆ ಸತ್ತವಳ ಬಟ್ಟೆಗಂಟು.

"ಎಲಿಯೋ ಕೇಳಿದ್ನಾ?"

"ಕೇಳ್ದ."

"ಬಾ. ಹೆದರ್ಬೇಡ. ನಿನ್ನ ತಲೆ ನನ್ನ ಅಂಗೈಲಿರುತ್ತೆ. ಮಗು ಥರ ಇಳಿಸ್ತೀನಿ."

"ಅಮ್ಮನ್ನೂ ಹಾಗೇ ಇಳಿಸ್ತಿದ್ಯಲ್ಲ."

ಸೆವೆರಿನಾ ಕಿಟಕಿಯಾಚೆ ನೋಡಿದಳು. "ಸಾವಿರ ಸಲ ಇಳಿಸಿದೀನಿ ಕಣೇ. ತಪ್ಪಿದ್ದು ಕೆಲವೇ ಸಲ."

"ಎಷ್ಟು?"

"ಅವಳ ಅಂಗೈ ತಪ್ಪಿ ನನ್ನ ತಲೇನೂ ಬಡಿದಿದೆ. ನಾನು ಏನಾದ್ರೂ ಅಂದಿದೀನಾ?" ಸೆವೆರಿನಾ ಗಂಟನ್ನು ಬಿಗಿಯಾಗಿ ಹಿಡಿದಳು. "ನೀನು ಬರ್ದಿದ್ರೆ ಅವನು ಕೊಚಬಾಂಬಾದಿಂದ ಯಾರನ್ನೋ ತರ್ತಾನೆ. ನನ್ನನ್ನ ಮನೆಗೆ ಕಳಿಸ್ತಾನೆ. ಐವತ್ತು ವರ್ಷಕ್ಕೆ ನಾನೇನು ಮಾಡ್ಲಿ, ಹೇಳು?"

*

ಹೋದ ವರ್ಷ ಆರೋಗ್ಯ ಕೇಂದ್ರದ ಡಾಕ್ಟರು ಕೇಳಿದ್ದರು, "ತಲೆಗೆ ಯಾವತ್ತಾದರೂ ಪೆಟ್ಟು ಬಿದ್ದಿದೆಯಾ?" ಬಸಿಲಿಯಾ ಜೋರಾಗಿ ನಕ್ಕಳು. "ಅಯ್ಯೋ ಡಾಕ್ಟ್ರೇ, ಅದು ನಾಟಕ. ನಮ್ದೆಲ್ಲ ನಾಟಕ." ಪಕ್ಕದಲ್ಲಿದ್ದ ನಿಲ್ದಾಳೂ ನಕ್ಕಳು. ಆಟದ ಗುಟ್ಟು ಹೊರಗಿನವರಿಗೆ ಬಿಟ್ಟುಕೊಡಬಾರದು ಎನ್ನುವುದನ್ನು ಎಲ್ಲ ಕುಸ್ತಿಯವರ ಮಕ್ಕಳೂ ಕಲಿತಿರುತ್ತಾರೆ. ಈ ಆಟದ ಗುಟ್ಟು ಎಂದರೆ ಪೆಟ್ಟು ನಿಜ ಎನ್ನುವುದು. ಡಾಕ್ಟರು ನೋವಿನ ಮಾತ್ರೆ ಕೊಟ್ಟರು.

ಆಮೇಲೆ ಬಸಿಲಿಯಾ ಸಂತೆಯಲ್ಲಿ ಒಬ್ಬಳಿಗೇ ಎರಡು ಸಲ ಚಿಲ್ಲರೆ ಕೊಡತೊಡಗಿದಳು. ಬೆಳಕಾದರೆ ಕಣ್ಣು ಮುಚ್ಚಿ ಅಳುತ್ತಿದ್ದಳು. ನನ್ನ ಟೋಪಿ ಕದ್ದಿದೀಯ ಎಂದು ಮಗಳ ಕೆನ್ನೆಗೆ ಹೊಡೆದಳು. ಟೋಪಿ ಅವಳ ತಲೆಯ ಮೇಲೇ ಇತ್ತು. ಹೊಡೆದ ಸದ್ದಿಗೆ ಅಕ್ಕಪಕ್ಕದವರು ಬಂದು ಏನಾಯಿತು ಎಂದಾಗ ನಿಲ್ದಾ, "ಕುಡಿದಿದಾಳೆ" ಎಂದಳು. ಬಸಿಲಿಯಾ ಆ ದಿನ ಹನಿಯೂ ಕುಡಿದಿರಲಿಲ್ಲ. ಕುಡಿದಿದ್ದಾಳೆ ಎಂದರೆ ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲ. ಅಂದಿನಿಂದ ಬೀದಿಯೆಲ್ಲ ಅದೇ ಮಾತಾಯಿತು. ಕೊನೆಯ ಸಂಜೆಯೂ ಹಾಗೇ ಜಗಳವಾಗಿ, ನಿಲ್ದಾ ಅಭ್ಯಾಸಕ್ಕೆ ಹೊರಟುಹೋದಳು. ಹೋಗುವಾಗ ಬಾಗಿಲಿಗೆ ಹೊರಗಿನ ಚಿಲಕ ಹಾಕಲಿಲ್ಲ.

*

ಹಿಮದ ಬೆಟ್ಟದಿಂದ ಬರುವ ತೊರೆ ಮೊಣಕಾಲುದ್ದವಿತ್ತು. ಕಾಲಿಟ್ಟರೆ ಮೂಳೆ ಕೊರೆಯುವ ನೀರು. ಹೆಂಗಸರು ಲಂಗ ಎತ್ತಿ ಕಟ್ಟಿ ಇಳಿದರು.

ಸತ್ತವರ ಬಟ್ಟೆಯೆಲ್ಲ ಅದೇ ದಿನ ತೊಳೆಯಬೇಕು. ಒಂದು ಚೂರೂ ನೀರುಪಾಲಾಗಕೂಡದು, ಹೋದರೆ ಸತ್ತವರು ಕೇಳಿಕೊಂಡು ಬರುತ್ತಾರೆ. ಅದಕ್ಕೇ ಒಬ್ಬರು ಕೆಳಗಡೆ, ನೀರು ಹೋಗುವ ದಿಕ್ಕಿನಲ್ಲಿ, ಜಾರಿ ಬಂದದ್ದನ್ನು ಹಿಡಿಯಲು ನಿಲ್ಲುತ್ತಾರೆ. ರಕ್ತಸಂಬಂಧಿಗಳು ನಿಲ್ಲುವಂತಿಲ್ಲ. ಅತಿ ಹತ್ತಿರದ ಗೆಳತಿ ನಿಲ್ಲಬೇಕು.

"ನಾನೇ ನಿಲ್ಲೋದು, ಬೇರೆ ಯಾರು?" ಎಂದು ಸೆವೆರಿನಾ ಬಂಡೆಗಳ ನಡುವೆ ಇಳಿದು ಕಾಲು ಅಗಲಿಸಿ ನಿಂತಳು.

ದಂಡೆಯ ಮೇಲೆ ತೊರಿಬಿಯೋ ಒಂದೊಂದೇ ಬಟ್ಟೆ ಎತ್ತಿ ಕೂಗಿದ. "ಲಂಗ ಆರು. ಒಳಲಂಗ ಎಂಟು. ಶಾಲು ನಾಲ್ಕು. ರವಿಕೆ ಐದು. ಒಟ್ಟು ಇಪ್ಪತ್ಮೂರು. ಕೇಳಿಸ್ತಾ ಸೆವೆರಿನಾ?"

"ಇಪ್ಪತ್ಮೂರು! ನಾನೇನು ಕಿವುಡೀನಾ?"

ನಗು ಎದ್ದಿತು. ನೀರಿನಲ್ಲಿ ಸೋಪಿನ ನೊರೆ ಎದ್ದಿತು. ನಿಲ್ದಾ ಶಾಲಿನ ಮೇಲೆ ನಿಂತು ತುಳಿಯತೊಡಗಿದಳು. ಕಾಲಿಗೊಂದು ಕೆಲಸ ಸಿಕ್ಕಿತ್ತು. ಭಾನುವಾರದ ಹಿಡಿತವನ್ನು ಮನಸ್ಸಿನಲ್ಲೇ ಮಾಡಿ ನೋಡಿದಳು. ಒಂದಕ್ಕೆ ಕುತ್ತಿಗೆ, ಎರಡಕ್ಕೆ ಗದ್ದ, ಮೂರಕ್ಕೆ ಅಂಗೈ. ತುಳಿತ ಜೋರಾಯಿತು. ಹಸಿರು ಶಾಲು ಕಾಲಡಿಯಿಂದ ನುಣುಚಿ ಹರಿವಿಗೆ ಸಿಕ್ಕಿತು.

"ಚಿಕ್ಕಮ್ಮ, ಶಾಲು!"

ಶಾಲು ಹರಡಿಕೊಂಡು ನಿಧಾನವಾಗಿಯೇ ಹೋಗುತ್ತಿತ್ತು. ಸೆವೆರಿನಾ ಅದನ್ನು ನೋಡಿದಳು. ಕೈಗೆಟುಕುವಷ್ಟು ಹತ್ತಿರ ಬಂದಾಗ ಒಂದು ಕಾಲೆತ್ತಿ, ಎದುರು ಬಂದವರಿಗೆ ದಾರಿ ಬಿಡುವಂತೆ, ಪಕ್ಕಕ್ಕೆ ಸರಿದಳು. ಶಾಲು ದಾಟಿಹೋಯಿತು.

"ಹಿಡೀರಿ! ಹಿಡೀರಿ!"

ನಿಲ್ದಾ ನೀರಿನಲ್ಲೇ ಓಡಿದಳು. ಬಂಡೆಗೆ ಎಡವಿ, ಎದ್ದು, ಮತ್ತೆ ಓಡಿದಳು. ಶಾಲು ಸೇತುವೆಯ ಕೊಳವೆಯೊಳಗೆ ಸೇರಿಹೋಗಿತ್ತು. ಒದ್ದೆಯಾಗಿ ತಿರುಗಿ ಬಂದಾಗ ಸೆವೆರಿನಾ ನಿಂತಲ್ಲೇ ನಿಂತಿದ್ದಳು.

"ಯಾಕೆ ಬಿಟ್ಟೆ?"

"ಏನನ್ನ?"

"ಶಾಲನ್ನ! ನಿನ್ನ ಕಾಲ ಹತ್ರಾನೇ ಬಂತಲ್ಲ!"

"ಯಾವ ಶಾಲು? ಎಲ್ಲ ಹಿಡಿದಿದೀನಿ." ಸೆವೆರಿನಾಳ ಮುಖದಲ್ಲಿ ಸುಳ್ಳು ಇರಲಿಲ್ಲ. ದಂಡೆಯತ್ತ ತಿರುಗಿ, "ಇಪ್ಪತ್ಮೂರೂ ಇದೆ, ಅಲ್ವೇನ್ರೋ?" ಎಂದಳು.

ದಂಡೆಯ ಮೇಲೆ ಯಾರೋ ಕಿಸಕ್ಕೆಂದರು. "ಬೆಳಿಗ್ಗೆಯಿಂದ್ಲೇ ಹಾಕ್ಕೊಂಡಿದಾಳೆ ಅನ್ಸುತ್ತೆ."

ನಿಲ್ದಾ ಸೆವೆರಿನಾಳ ಮುಖದ ಹತ್ತಿರ ಮುಖ ತಂದಳು. ಬಾಯಲ್ಲಿ ಕೋಕಾ ಎಲೆಯ ವಾಸನೆ ಬಿಟ್ಟರೆ ಏನೂ ಇರಲಿಲ್ಲ.

"ಕುಡಿದಿಲ್ಲ," ಅಂದಳು ನಿಲ್ದಾ. ದಂಡೆಯವರಿಗೆ ಕೇಳಿಸಿರಲಿಕ್ಕಿಲ್ಲ ಎಂದು ಗಂಟಲು ಹರಿಯುವ ಹಾಗೆ ಕೂಗಿದಳು: "ಇವಳು ಕುಡಿದಿಲ್ಲ! ಅಮ್ಮಾನೂ ಕುಡಿದಿರ್ಲಿಲ್ಲ!"

ನಗು ನಿಂತಿತು. ಮೇಲೆ ವ್ಯಾನಿನ ಬಾಗಿಲು ತೆಗೆದು ದೋನ್ ಎಲಿಯೋ ಕೈಯನ್ನು ಬಾಯಿಗೆ ಹಿಡಿದು ಕೇಳಿದ, "ನಿಲ್ದಾ, ಪ್ರೆಸ್ಸಿನವನು ಫೋನ್ ಮಾಡ್ತಿದಾನೆ. ಏನು ಹೇಳ್ಲಿ?"

"ನಾನು ಬರಲ್ಲ ಅಂತ ಹೇಳಿ. ಇವಳೂ ಬರಲ್ಲ."

"ನನ್ನ ಪರವಾಗಿ ಹೇಳೋಕೆ ನೀನ್ಯಾರೇ?" ಸೆವೆರಿನಾ ಅವಳ ತೋಳು ಹಿಡಿದು ಜಗ್ಗಿದಳು. ಹಿಡಿತದಲ್ಲಿ ಹದಿನಾಲ್ಕು ವರ್ಷದ ಬಲವಿತ್ತು. ಮರುಕ್ಷಣ ಬೆರಳು ಸಡಿಲವಾದವು. ಹುಡುಗಿಯ ಒದ್ದೆ ಮೈಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಅಯ್ಯೋ, ಇಷ್ಟು ನೆಂದಿದೀಯಲ್ಲೇ. ನೀರಿಗ್ಯಾಕೆ ಇಳಿದೆ?"

ನಿಲ್ದಾ ಅವಳನ್ನು ರಟ್ಟೆ ಹಿಡಿದು ದಂಡೆಗೆ ಹತ್ತಿಸಿ, ಕಲ್ಲಿನ ಮೇಲೆ ಕೂರಿಸಿ, ತೊರಿಬಿಯೋನ ಕಂಬಳಿ ಹೊದಿಸಿದಳು. ಆಮೇಲೆ ಹುಲ್ಲಿನ ಮೇಲೆ ಹರಡಿದ್ದ ಬಟ್ಟೆಗಳ ಹತ್ತಿರ ಹೋಗಿ ಒಂದೊಂದನ್ನೇ ಮುಟ್ಟುತ್ತ ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. ಇದ್ದದ್ದು ಹದಿನೇಳು. ಒಳಲಂಗ ಮೂರು, ರವಿಕೆ ಎರಡು, ಶಾಲು ಒಂದು ಇರಲಿಲ್ಲ. ಆರು ಹೋಗಿದ್ದವು.