ಹಾರವಿಲ್ಲದ ಪಟ

ಅಗ್ರಹಾರದ ಆ ಮನೆಯ ಹಜಾರದಲ್ಲಿ ಸತ್ತವರ ಪಟಗಳಿಗೆಲ್ಲ ಗಂಧದ ಹಾರವಿತ್ತು, ಸುದರ್ಶನನ ಪಟಕ್ಕೆ ಮಾತ್ರ ಇರಲಿಲ್ಲ. ಒಮ್ಮೆ, ಹಾಕೋಣವೇ ಎಂದು ಕೇಳಿದ ನೆಂಟರನ್ನು ಶಾರದಮ್ಮ ಊಟದ ಎಲೆಯಿಂದಲೇ ಎಬ್ಬಿಸಿ ಕಳಿಸಿದ್ದರು. ಆಮೇಲೆ ಯಾರೂ ಬಾಯಿ ಬಿಡಲಿಲ್ಲ.

ಸುದರ್ಶನ ಶಾರದಮ್ಮನ ಗಂಡ, ಫೈಟರ್ ಪೈಲಟ್. ಎಪ್ಪತ್ತೊಂದರ ಯುದ್ಧದಲ್ಲಿ ಹಾರಿಹೋದವನು ಮರಳಲಿಲ್ಲ. ಕಾಣೆಯಾಗಿದ್ದಾರೆ ಎಂದು ತಂತಿ ಬಂತು. ಆಗ ಮದುವೆಯಾಗಿ ಏಳು ತಿಂಗಳು, ಶಾರದಮ್ಮನಿಗೆ ಇಪ್ಪತ್ತೊಂದು. ಬದುಕಿರಲಾರರು ಎಂದು ಆಮೇಲೆ ಸರಕಾರ ಬರೆದಾಗ, ಹೆಣ ಎಲ್ಲಿದೆ ತೋರಿಸಿ ಎಂದುಬಿಟ್ಟರು. ಈಗ ಎಪ್ಪತ್ತೈದಾದರೂ ಹಣೆಯಲ್ಲಿ ಕುಂಕುಮ, ಮುಡಿಯಲ್ಲಿ ಮಲ್ಲಿಗೆ. ಪ್ರತಿ ಶುಕ್ರವಾರ ಪಟದ ಗಾಜು ಒರೆಸುತ್ತಾರೆ. ವಿಮಾನದ ಬಾಲಕ್ಕೆ ಒರಗಿ ನಗುತ್ತಿರುವ ಗಂಡ, ಅವನ ಭುಜದ ಪಕ್ಕ ದಪ್ಪಗೆ ಬರೆದ ನಂಬರು, ೪೧೭.

ಮೈದುನ ವಾಗೀಶ ಮಹಾಲಯ ಅಮಾವಾಸ್ಯೆಗೆ ಪ್ರತಿ ವರ್ಷ ಶ್ರೀರಂಗಪಟ್ಟಣದ ಹೊಳೆಗೆ ಹೋಗಿ ಹಿರಿಯರಿಗೆ ತರ್ಪಣ ಬಿಟ್ಟು ಬರುತ್ತಿದ್ದ. ಈ ಸಲ ಮಂಡಿ ಆಪರೇಷನ್ನಾಗಿ ಮನೆಯಲ್ಲೇ ಆಗಲಿ ಎಂದಾಯಿತು. ಹಳೆಯ ಪುರೋಹಿತರು ತೀರಿಹೋಗಿದ್ದರಿಂದ ಅವರ ಮಗ ಬಿಂದುಮಾಧವ ಅಪ್ಪನ ನೋಟ್‌ಬುಕ್ ಹಿಡಿದು ಬಂದ. ಪಾಪ, ಏನೂ ತಿಳಿಯದವನು. ಒಂದೊಂದೇ ಹೆಸರು ಓದಿ ಎಳ್ಳುನೀರು ಬಿಡಿಸಿದ. ಕೊನೆಗೆ ಗಟ್ಟಿಯಾಗಿ, "ನಿಮ್ಮ ಅಣ್ಣ, ಸುದರ್ಶನ ಶರ್ಮ" ಎಂದ.

ವಡೆ ತಟ್ಟುತ್ತಿದ್ದ ಶಾರದಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು.

"ಯಾರ ಹೆಸರು ಹೇಳಿದ್ರಿ?"

"ಅಪ್ಪನ ಪುಸ್ತಕದಲ್ಲಿದೆಯಲ್ಲಮ್ಮ. ಎಪ್ಪತ್ತಮೂರರಿಂದ ಪ್ರತಿ ವರ್ಷ ಬಿಟ್ಟಿದ್ದಾರೆ."

ಬದುಕಿರುವವನಿಗೆ ಯಾರಾದರೂ ಎಳ್ಳುನೀರು ಬಿಡುತ್ತಾರೆಯೇ? ಶಾರದಮ್ಮ ಮೈದುನನ ಕಡೆ ತಿರುಗಿದರು.

"ನಿನಗೇನು ಗೊತ್ತಿತ್ತೋ, ವಾಗೀಶ?"

ವಾಗೀಶ ಕುಂಟುತ್ತ ಎದ್ದು ಬೀರುವಿನ ತಳದಿಂದ ಒಂದು ಲಕೋಟೆ ತಂದುಕೊಟ್ಟ. ಒಳಗೊಂದು ಕಪ್ಪುಬಿಳುಪು ಫೋಟೋ. ಸುಟ್ಟ ಹೊಲ, ಮುರಿದು ಬಿದ್ದ ಬಾಲ, ಅದರ ಮೇಲೆ ೪೧೭. ಪಕ್ಕದಲ್ಲಿ ಮಣ್ಣಿನ ಗುಡ್ಡೆ, ಗುಡ್ಡೆಯ ಮೇಲೆ ಹೆಲ್ಮೆಟ್. ಅಷ್ಟು ವರ್ಷ ಒರೆಸಿದ ನಂಬರನ್ನು ಗುರುತಿಸಲು ಅವರಿಗೆ ಕನ್ನಡಕವೂ ಬೇಕಾಗಲಿಲ್ಲ.

"ಅಣ್ಣನ ಜೊತೆಯ ಪೈಲಟ್ ಒಬ್ಬರು ತಂದುಕೊಟ್ರು," ಎಂದ ವಾಗೀಶ. "ನಿಮ್ಮ ಹಣೆ ಬರಿದಾಗೋದನ್ನ ನೋಡಲಾರೆ, ಹೇಳಬೇಡ ಅಂತ ಅಮ್ಮ ಆಣೆ ಹಾಕಿಸ್ಕೊಂಡ್ರು. ನನಗಾಗ ಹದಿನೆಂಟು, ಅತ್ತಿಗೆ."

"ಅಮ್ಮ ಹೋಗಿ ನಲವತ್ತು ವರ್ಷ ಆಯ್ತಲ್ಲೋ."

"ಆಮೇಲೆ ಹೇಳೋಕೆ ಬಾಯೇ ಬರಲಿಲ್ಲ."

ಶಾರದಮ್ಮ ಹಜಾರದ ಕಂಬದ ಕಡೆ ನೋಡಿದರು. ಎಪ್ಪತ್ತಾರರಲ್ಲಿ, ಶಾಲೆಯಲ್ಲಿ ಅವರ ಜೊತೆ ಪಾಠ ಮಾಡುತ್ತಿದ್ದ ಕೃಷ್ಣಸ್ವಾಮಿ ಮೇಷ್ಟ್ರು ಇದೇ ಹಜಾರಕ್ಕೆ ಬಂದು, ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದ್ದರು. ಒಳ್ಳೆಯ ಮನುಷ್ಯ, ಇವರಿಗೂ ಮನಸ್ಸಿತ್ತು. ನನ್ನ ಗಂಡ ಬದುಕಿದ್ದಾರೆ ಎಂದು ಹೇಳಿ ಕಳಿಸಿ, ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅತ್ತಿದ್ದರು.

"ಮೇಷ್ಟ್ರು ಬಂದ ದಿನ ನೀನು ಇದೇ ಕಂಬಕ್ಕೆ ಒರಗಿ ನಿಂತಿದ್ದೆ."

"ನಿಂತಿದ್ದೆ."

"ನಾನು ಅವರಿಗೆ ಹೇಳಿದ್ದು ಕೇಳಿಸ್ತು."

"ಕೇಳಿಸ್ತು, ಅತ್ತಿಗೆ."

ಶಾರದಮ್ಮ ಅತ್ತೆಯ ಪಟದ ಹಾರ ಕಿತ್ತು ತಂದು ಗಂಡನ ಪಟಕ್ಕೆ ಹಾಕಿದರು. ಕೈಯ ಹಿಟ್ಟು ಗಾಜಿಗೆ ಮೆತ್ತಿತು. ಒರೆಸಲಿಲ್ಲ.

"ಮುಂದಕ್ಕೆ ಓದಿ," ಎಂದು ಬಿಂದುಮಾಧವನಿಗೆ ಹೇಳಿದರು. "ಹಾಗೇ ಇವನ ಕೈಲಿ ನನ್ನ ಹೆಸರಿಗೂ ಒಂದು ಬೊಗಸೆ ಬಿಡಿಸಿ."